ಬಿಡಿಭಾಗ ಬರುವವರೆಗೆ ಪೈರು ಕಾಯುವುದೇ?

ನೇಗಿಲಿನ ಗುಳ ಮೊಂಡಾದರೆ ಊರ ಕಮ್ಮಾರನ ಕುಲುಮೆಗೆ ಒಯ್ದು ತಟ್ಟಿಸಬಹುದು. ಎತ್ತು ಕಾಲು ಕುಂಟಿದರೆ ನೆರೆಯವರ ಎತ್ತನ್ನು ಮುಯ್ಯಿಗೆ ಕೇಳಬಹುದು. ಆದರೆ ಯಂತ್ರದ ಬೇಸಾಯದಲ್ಲಿ ಈ ಅನುಕೂಲ ಇಲ್ಲ. ಯಂತ್ರದ ಒಂದು ಬೇರಿಂಗು ಸವೆದರೆ, ಒಂದು ಬೆಲ್ಟು ಹರಿದರೆ, ಅದೇ ಅಳತೆಯ ಇನ್ನೊಂದು ಬೇರಿಂಗು ಅಥವಾ ಬೆಲ್ಟು ಬರುವವರೆಗೆ ಲಕ್ಷಾಂತರ ಬೆಲೆಯ ಯಂತ್ರ ಹೊಲದ ಬದುವಿನಲ್ಲಿ ನಿಂತಿರುತ್ತದೆ. ಬಿಡಿಭಾಗ ಎಲ್ಲಿಂದ ಬರಬೇಕು, ಎಷ್ಟು ದಿನದಲ್ಲಿ ಬರುತ್ತದೆ ಎಂಬುದರ ಮೇಲೆ ವರ್ಷದ ಫಲ ನಿಂತಿರುತ್ತದೆ.

ಈ ತೊಂದರೆ ಎಲ್ಲ ದೇಶಗಳಲ್ಲಿಯೂ ಇದೆ. ಆದರೆ ವಿಸ್ತಾರವಾದ ನೆಲವಿದ್ದು ಜನ ವಿರಳವಾಗಿರುವ ದೇಶಗಳಲ್ಲಿ ಅದು ಅತಿ ಹೆಚ್ಚು. ಆಸ್ಟ್ರೇಲಿಯದ ಪಶ್ಚಿಮ ಭಾಗದ ಗೋಧಿ ಪ್ರದೇಶ ಇದಕ್ಕೆ ಒಳ್ಳೆಯ ನಿದರ್ಶನ. ಯಂತ್ರಗಳಲ್ಲಿ ಯಾವ ಕೊರತೆಯೂ ಇಲ್ಲದ ಆ ರೈತರು ಒಂದು ಸಣ್ಣ ಬಿಡಿಭಾಗಕ್ಕಾಗಿ ಏಕೆ ದಿನಗಟ್ಟಲೆ ಕಾಯಬೇಕಾಗುತ್ತದೆ, ಅದಕ್ಕೆ ಅವರು ಕಂಡುಕೊಂಡ ಉಪಾಯಗಳೇನು ಎಂಬುದನ್ನು ತಿಳಿಯುವುದು ನಮ್ಮ ರೈತರಿಗೂ ಉಪಯುಕ್ತ.

ನೆಲ ಹೆಚ್ಚು, ಜನ ಕಡಿಮೆ

ಪಶ್ಚಿಮ ಆಸ್ಟ್ರೇಲಿಯ ಒಂದೇ ರಾಜ್ಯ. ಅದರ ವಿಸ್ತೀರ್ಣ 25 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಅಂದರೆ ಕರ್ನಾಟಕದಂಥ ಹದಿಮೂರು ರಾಜ್ಯಗಳಷ್ಟು. ಅಲ್ಲಿ ವಾಸಿಸುವ ಜನ ಸುಮಾರು 30 ಲಕ್ಷ. ಇವರಲ್ಲಿಯೂ ಐದರಲ್ಲಿ ನಾಲ್ಕು ಪಾಲು ಜನ ರಾಜಧಾನಿ ಪರ್ತ್ ನಗರ ಮತ್ತು ಅದರ ಸುತ್ತಮುತ್ತ ಇದ್ದಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಒಂದು ಚದರ ಕಿಲೋಮೀಟರಿಗೆ 319 ಜನರಿದ್ದರೆ, ಅಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಪರ್ತ್ ನಗರದಿಂದ ಪೂರ್ವಕ್ಕೂ ಆಗ್ನೇಯಕ್ಕೂ ನೂರಾರು ಕಿಲೋಮೀಟರು ಹಬ್ಬಿರುವ ಗೋಧಿ ಸೀಮೆಯಲ್ಲಿ ಒಂದು ಕುಟುಂಬದ ಹಿಡುವಳಿ ಎರಡು ಮೂರು ಸಾವಿರ ಹೆಕ್ಟೇರು ಇರುವುದು ಸಾಮಾನ್ಯ. ಮನೆಯವರ ಜೊತೆಗೆ ಒಬ್ಬಿಬ್ಬರು ಆಳುಗಳು ಮಾತ್ರ. ಇಷ್ಟು ನೆಲವನ್ನು ಇಷ್ಟು ಕಡಿಮೆ ಜನ ಸಾಗುವಳಿ ಮಾಡಲು ಯಂತ್ರವಲ್ಲದೆ ಬೇರೆ ದಾರಿಯಿಲ್ಲ. ಯಂತ್ರ ನಿಂತರೆ ಕುಡುಗೋಲು ಹಿಡಿದು ಕೊಯ್ಯೋಣವೆಂದರೆ ಕೈಗಳೇ ಇಲ್ಲ.

ಅಲ್ಲಿನ ದೂರಗಳೂ ನಮ್ಮ ಊಹೆಗೆ ಮೀರಿದವು. ಪರ್ತ್‌ನಿಂದ ಎಸ್ಪೆರೆನ್ಸ್ ಬಂದರಿಗೆ ಸುಮಾರು 700 ಕಿಲೋಮೀಟರು. ಪರ್ತ್‌ನಿಂದ ಆಗ್ನೇಯ ತೀರದ ಮೆಲ್ಬರ್ನ್ ನಗರಕ್ಕೆ ರಸ್ತೆಯ ಮೇಲೆ ಸುಮಾರು 3,400 ಕಿಲೋಮೀಟರು. ಸಿಡ್ನಿಯಿಂದ ಪರ್ತ್‌ಗೆ ರೈಲುದಾರಿ 4,352 ಕಿಲೋಮೀಟರು. ನಡುವೆ ಇರುವ ನಲ್ಲರ್‌ಬಾರ್ ಬಯಲಿನಲ್ಲಿ ಹಳಿ ಒಂದು ತಿರುವೂ ಇಲ್ಲದೆ 478 ಕಿಲೋಮೀಟರು ನೆಟ್ಟಗೆ ಹೋಗುತ್ತದೆ. ದಾರಿಯಲ್ಲಿ ಊರುಗಳೆಂದು ಹೇಳಿಕೊಳ್ಳುವಂಥವು ಇಲ್ಲ.

ಕೊಯ್ಲಿನ ಆತುರ

ಈ ಸೀಮೆಯಲ್ಲಿ ಗೋಧಿಯನ್ನು ಏಪ್ರಿಲ್–ಜೂನ್ ತಿಂಗಳುಗಳಲ್ಲಿ ಬಿತ್ತುತ್ತಾರೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕೊಯ್ಲು. ಆಗ ಅಲ್ಲಿ ಬೇಸಿಗೆಯ ಆರಂಭ. ಪೈರು ಒಣಗಿ ನಿಂತ ಮೇಲೆ ಮಳೆ ಬಿದ್ದರೆ ತೆನೆಯಲ್ಲಿರುವ ಕಾಳು ಮೊಳೆಯಲು ತೊಡಗುತ್ತದೆ. ಮೊಳಕೆ ಕಣ್ಣಿಗೆ ಕಾಣುವ ಮೊದಲೇ ಕಾಳಿನೊಳಗೆ ಆಲ್ಫಾ ಅಮೈಲೇಸ್ ಎಂಬ ಕಿಣ್ವ ಹೆಚ್ಚಿ ಪಿಷ್ಟವನ್ನು ಒಡೆಯುತ್ತದೆ. ಅಂಥ ಗೋಧಿಯ ಹಿಟ್ಟಿನಿಂದ ಮಾಡಿದ ರೊಟ್ಟಿ ಅಂಟಂಟಾಗುತ್ತದೆ.

ಇದನ್ನು ಪತ್ತೆಹಚ್ಚಲು ಖರೀದಿ ಕೇಂದ್ರದಲ್ಲಿ ಒಂದು ಪರೀಕ್ಷೆ ಇದೆ. ಗೋಧಿಯನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಕುದಿಯುವ ನೀರಿನಲ್ಲಿಟ್ಟ ಕೊಳವೆಯಲ್ಲಿ ಗಂಜಿ ಮಾಡುತ್ತಾರೆ. ಅದರಲ್ಲಿ ಒಂದು ಕಡ್ಡಿಯನ್ನು ಬಿಟ್ಟು ಅದು ತಳ ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತೆಂದು ಅಳೆಯುತ್ತಾರೆ. ಗಂಜಿ ಗಟ್ಟಿಯಾಗಿದ್ದರೆ ಕಡ್ಡಿ ನಿಧಾನವಾಗಿ ಇಳಿಯುತ್ತದೆ. ಪಿಷ್ಟ ಕೆಟ್ಟಿದ್ದರೆ ಬೇಗ ಇಳಿಯುತ್ತದೆ. ಒಳ್ಳೆಯ ದರ್ಜೆಯ ಹಿಟ್ಟಿನ ಗೋಧಿಗೆ ಇದು 300 ಸೆಕೆಂಡಿಗೆ ಕಡಿಮೆ ಇರಕೂಡದು. ಕಡಿಮೆಯಾದರೆ ಗೋಧಿ ದರ್ಜೆ ಇಳಿದು ಕೊನೆಗೆ ಪಶು ಆಹಾರದ ದರಕ್ಕೆ ಹೋಗಬಹುದು. ಇಳುವರಿ ಅಷ್ಟೇ, ಶ್ರಮ ಅಷ್ಟೇ. ಬೆಲೆ ಮಾತ್ರ ಇಲ್ಲ.

ಅಲ್ಲದೆ ಬಿಸಿಗಾಳಿ ಬೀಸುವ ದಿನಗಳಲ್ಲಿ ಬೆಂಕಿಯ ಭಯದಿಂದ ಸ್ಥಳೀಯ ಆಡಳಿತ ಹೊಲದಲ್ಲಿ ಯಂತ್ರ ಓಡಿಸುವುದನ್ನೇ ನಿಷೇಧಿಸುತ್ತದೆ. ಹೀಗಾಗಿ ಕೊಯ್ಲಿಗೆ ದೊರೆಯುವ ದಿನಗಳು ಎಣಿಕೆಯವು. ಅಂಥ ಒಂದು ದಿನ ಯಂತ್ರ ನಿಂತರೆ ಆಗುವ ನಷ್ಟವನ್ನು ಲೆಕ್ಕ ಹಾಕಿ ನೋಡಬಹುದು.

12 ಮೀಟರು ಅಗಲ ಕೊಯ್ಯುವ ಕಂಬೈನ್ ಯಂತ್ರ ಗಂಟೆಗೆ 8 ಕಿಲೋಮೀಟರು ವೇಗದಲ್ಲಿ ಸಾಗಿದರೆ ಗಂಟೆಗೆ 9.6 ಹೆಕ್ಟೇರು ಆಗಬೇಕು. ತಿರುಗಿಸುವುದು, ಕಾಳು ಖಾಲಿ ಮಾಡುವುದು ಇತ್ಯಾದಿಗಳಿಗೆ ಕಾಲು ಭಾಗ ಕಳೆದರೆ ಸುಮಾರು 7 ಹೆಕ್ಟೇರು ಉಳಿಯಿತು. ದಿನಕ್ಕೆ 10 ಗಂಟೆ ಕೆಲಸವಾದರೆ 70 ಹೆಕ್ಟೇರು. ಹೆಕ್ಟೇರಿಗೆ 2 ಟನ್ ಇಳುವರಿಯಂತೆ ದಿನಕ್ಕೆ 140 ಟನ್ ಗೋಧಿ. ಐದು ದಿನ ಯಂತ್ರ ನಿಂತರೆ 350 ಹೆಕ್ಟೇರಿನ ಪೈರು, ಅಂದರೆ 700 ಟನ್ ಗೋಧಿ ಹೊಲದಲ್ಲಿಯೇ ಉಳಿಯಿತು. ಅಷ್ಟರಲ್ಲಿ ಮಳೆ ಬಿದ್ದು ಟನ್ನಿಗೆ 50 ಡಾಲರು ಬೆಲೆ ಇಳಿಯಿತೆಂದು ಇಟ್ಟುಕೊಂಡರೆ ನಷ್ಟ 35,000 ಡಾಲರು. ಯಂತ್ರವನ್ನು ನಿಲ್ಲಿಸಿದ ಬೇರಿಂಗಿನ ಬೆಲೆ ನೂರು ಡಾಲರು ಕೂಡ ಇರಲಾರದು.

ಬಿಡಿಭಾಗ ಬರುವ ದಾರಿ

ಶುಕ್ರವಾರ ಮಧ್ಯಾಹ್ನ 2 ಗಂಟೆಗೆ ಯಂತ್ರ ಕೆಟ್ಟಿತೆಂದು ಉದಾಹರಣೆಗೆ ತೆಗೆದುಕೊಳ್ಳೋಣ. ರೈತ ನೂರು ಕಿಲೋಮೀಟರು ದೂರದ ಪಟ್ಟಣದಲ್ಲಿರುವ ಮಾರಾಟಗಾರನಿಗೆ ಫೋನು ಮಾಡುತ್ತಾನೆ. ಬೇಕಾದ ಭಾಗ ಅಲ್ಲಿ ಇಲ್ಲ, ಪರ್ತ್‌ನಲ್ಲಿಯೂ ಇಲ್ಲ, ಮೆಲ್ಬರ್ನಿನ ಉಗ್ರಾಣದಲ್ಲಿ ಇದೆ. ಆದರೆ ಬೇಸಿಗೆಯಲ್ಲಿ ಮೆಲ್ಬರ್ನಿನವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಪಶ್ಚಿಮದವರು ಇಡುವುದಿಲ್ಲ. ಹೀಗಾಗಿ ಕೊಯ್ಲಿನ ಕಾಲದಲ್ಲಿ ಎರಡು ಊರುಗಳ ನಡುವೆ ಮೂರು ಗಂಟೆಯ ವ್ಯತ್ಯಾಸ. ರೈತನ 2 ಗಂಟೆ ಎಂದರೆ ಮೆಲ್ಬರ್ನಿನಲ್ಲಿ ಸಂಜೆ 5. ಉಗ್ರಾಣದ ಬಾಗಿಲು ಹಾಕಿಯಾಗಿದೆ.

ಮುಂದೆ ಶನಿವಾರ, ಭಾನುವಾರ. ಸೋಮವಾರ ಭಾಗವನ್ನು ಕಪಾಟಿನಿಂದ ತೆಗೆದು ಕಟ್ಟಿ ರಾತ್ರಿಯ ವಿಮಾನಕ್ಕೆ ಹಾಕಿದರೆ ಮಂಗಳವಾರ ಪರ್ತ್‌ಗೆ ಬಂತು. ಅಲ್ಲಿಂದ ಲಾರಿಯಲ್ಲಿ ಬುಧವಾರ ಪಟ್ಟಣಕ್ಕೆ. ರೈತ ಹೋಗಿ ತಂದು ಜೋಡಿಸುವಾಗ ಬುಧವಾರ ಮಧ್ಯಾಹ್ನ. ಯಾರೂ ತಪ್ಪು ಮಾಡಲಿಲ್ಲ, ಯಾರೂ ಸೋಮಾರಿತನ ತೋರಲಿಲ್ಲ. ಆದರೂ ಐದು ದಿನ ಕಳೆಯಿತು. ವಿಮಾನಕ್ಕೆ ಹಾಕಲಾಗದಷ್ಟು ಭಾರದ ಭಾಗವಾದರೆ 3,400 ಕಿಲೋಮೀಟರು ರಸ್ತೆಯ ಮೇಲೆಯೇ ಬರಬೇಕು. ಕ್ರಿಸ್‌ಮಸ್ ರಜೆ ಕೊಯ್ಲಿನ ಕೊನೆಯ ವಾರಗಳಲ್ಲಿಯೇ ಬರುವುದರಿಂದ ಇನ್ನಷ್ಟು ತಡ.

ಭಾಗ ಆ ದೇಶದಲ್ಲಿಯೇ ಇಲ್ಲದಿದ್ದರೆ ಕಷ್ಟ ಇಮ್ಮಡಿ. ಒಂದು ಕಾಲದಲ್ಲಿ ಆಸ್ಟ್ರೇಲಿಯ ತನ್ನ ಕೊಯ್ಲು ಯಂತ್ರಗಳನ್ನು ತಾನೇ ತಯಾರಿಸುತ್ತಿತ್ತು. ಎಚ್.ವಿ. ಮೆಕೇ ಎಂಬುವರು 1884ರಲ್ಲಿ ರೂಪಿಸಿದ ‘ಸನ್‌ಷೈನ್’ ಯಂತ್ರ ಪ್ರಸಿದ್ಧವಾಗಿತ್ತು. ಮೆಲ್ಬರ್ನ್ ಬಳಿ ಅದರ ದೊಡ್ಡ ಕಾರ್ಖಾನೆ ಇತ್ತು. ಆ ಕಾರ್ಖಾನೆ ಮುಚ್ಚಿಹೋಗಿದೆ. ಈಗಿನ ದೊಡ್ಡ ಕಂಬೈನ್‌ಗಳು ಅಮೆರಿಕ ಮತ್ತು ಯುರೋಪಿನಿಂದ ಬರುತ್ತವೆ. ಅಲ್ಲಿಂದ ಬಿಡಿಭಾಗ ವಿಮಾನದಲ್ಲಿ ಬಂದರೂ ದಿನಗಳು ಬೇಕು. ಹಡಗಿನಲ್ಲಿ ಬಂದರೆ ವಾರಗಳು. ಅಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ.

ದಾರಿ ಒಂದೇ ಆಗಿರುವುದರ ಅಪಾಯ ಬೇರೆ. 2022ರ ಜನವರಿಯಲ್ಲಿ ದಕ್ಷಿಣ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಭಾರಿ ಮಳೆ ಸುರಿದು ಪೂರ್ವ–ಪಶ್ಚಿಮ ರೈಲುದಾರಿ ಹಲವು ಕಡೆ ಕೊಚ್ಚಿಹೋಯಿತು. ಫೆಬ್ರವರಿ ಮಧ್ಯದವರೆಗೆ ರೈಲು ಓಡಲಿಲ್ಲ. ಪರ್ತ್ ನಗರದ ಅಂಗಡಿಗಳಲ್ಲಿಯೇ ದಿನಬಳಕೆಯ ಸಾಮಾನಿಗೆ ಅಭಾವ ಬಂತು. 2023ರ ಜನವರಿಯಲ್ಲಿ ಉತ್ತರದ ಕಿಂಬರ್ಲಿ ಪ್ರದೇಶದ ಫಿಟ್ಜ್‌ರಾಯ್ ನದಿಯ ಪ್ರವಾಹ ಹೆದ್ದಾರಿಯ ಸೇತುವೆಯನ್ನು ಮುರಿಯಿತು. ಹೊಸ ಸೇತುವೆ ತೆರೆದದ್ದು ಅದೇ ವರ್ಷದ ಡಿಸೆಂಬರಿನಲ್ಲಿ.

ಅಂಗಡಿಯಲ್ಲಿ ಏಕೆ ಇಟ್ಟಿರುವುದಿಲ್ಲ?

‘ಬೇಕಾದ ಭಾಗವನ್ನು ಮೊದಲೇ ತರಿಸಿಟ್ಟಿರಬಾರದೇ?’ ಎಂಬುದು ಎಲ್ಲ ರೈತರ ಪ್ರಶ್ನೆ. ಅಂಗಡಿಯವನ ಕಡೆಯ ಲೆಕ್ಕವನ್ನೂ ನೋಡಬೇಕು. ಒಂದು ಕಂಬೈನ್‌ನಲ್ಲಿ ಸಾವಿರಾರು ಭಾಗಗಳಿವೆ. ಮಾದರಿಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ನಮ್ಮಲ್ಲಿ ತಾಲ್ಲೂಕು ಕೇಂದ್ರದ ಒಂದು ಅಂಗಡಿಯ ಸುತ್ತ ಒಂದೇ ಮಾದರಿಯ ನೂರಾರು ಟ್ರಾಕ್ಟರುಗಳಿರುತ್ತವೆ. ತಂದಿಟ್ಟ ಫಿಲ್ಟರು, ಕ್ಲಚ್ ಪ್ಲೇಟು ವಾರದೊಳಗೆ ಖರ್ಚಾಗುತ್ತದೆ. ಅಲ್ಲಿ ಒಂದು ಅಂಗಡಿಯ ಎಲ್ಲೆಯಲ್ಲಿ ಒಂದು ಮಾದರಿಯ ಕೆಲವೇ ಯಂತ್ರಗಳಿದ್ದು, ತಂದಿಟ್ಟ ಭಾಗ ಐದು ವರ್ಷ ಕಪಾಟಿನಲ್ಲಿಯೇ ಕುಳಿತಿರಬಹುದು. ಹಾಕಿದ ಹಣಕ್ಕೆ ಬಡ್ಡಿ ಬೆಳೆಯುತ್ತದೆ, ರಬ್ಬರಿನ ಭಾಗಗಳು ಗಟ್ಟಿಯಾಗಿ ಕೆಡುತ್ತವೆ, ಮಾದರಿ ಹಳತಾದರೆ ಕೊಳ್ಳುವವರೇ ಇಲ್ಲ.

ಆದ್ದರಿಂದ ಮಾರಾಟಗಾರ ದಿನವೂ ಹೋಗುವ ಭಾಗಗಳನ್ನು ಮಾತ್ರ ಇಟ್ಟು, ಉಳಿದವನ್ನು ದೊಡ್ಡ ಉಗ್ರಾಣಕ್ಕೆ ಬಿಡುತ್ತಾನೆ. ದೊಡ್ಡ ಉಗ್ರಾಣ ಜನ ಹೆಚ್ಚಿರುವ ಪೂರ್ವ ತೀರದಲ್ಲಿರುತ್ತದೆ. ಹಿಡುವಳಿಗಳು ದೊಡ್ಡದಾದಂತೆ ಕುಟುಂಬಗಳು ಕಡಿಮೆಯಾಗುತ್ತವೆ, ಸಣ್ಣ ಪಟ್ಟಣಗಳು ಬಡವಾಗುತ್ತವೆ, ಎರಡು ಅಂಗಡಿಗಳು ಸೇರಿ ಒಂದಾಗುತ್ತವೆ. ಪ್ರತಿ ಹೆಜ್ಜೆಯಲ್ಲಿಯೂ ಉಳಿತಾಯ ಅಂಗಡಿಗೆ. ಕಾಯುವ ವೆಚ್ಚ ಮಾತ್ರ ರೈತನಿಗೆ. ಈ ತೊಂದರೆಯ ತಿರುಳು ಇದೇ.

ತಪ್ಪಾದ ಭಾಗ ಬರುವುದು ಇನ್ನೊಂದು ಸಂಕಟ. ಒಂದೇ ಹೆಸರಿನ ಯಂತ್ರದಲ್ಲಿ ಒಂದು ಕ್ರಮಸಂಖ್ಯೆಯವರೆಗೆ ಒಂದು ಬಗೆಯ ಬೇರಿಂಗು, ಅಲ್ಲಿಂದ ಮುಂದೆ ಇನ್ನೊಂದು ಬಗೆ ಇರುತ್ತದೆ. ಕ್ರಮಸಂಖ್ಯೆ ಹೇಳದೆ ತರಿಸಿದರೆ ಐದು ದಿನ ಕಾದ ಮೇಲೆ ಬಂದ ಪೆಟ್ಟಿಗೆಯಲ್ಲಿ ಹೊಂದದ ಭಾಗ ಇರುತ್ತದೆ. ಮತ್ತೆ ಐದು ದಿನ ಕಾಯಬೇಕು.

ರೈತರು ಕಂಡುಕೊಂಡ ಉಪಾಯಗಳು

ಈ ದೇಶದ ಒಳನಾಡಿನ ಜನರಿಗೆ ಇದು ಹೊಸ ಕಷ್ಟವಲ್ಲ. 1929ರ ಸುಮಾರಿಗೆ ಆಲ್ಫ್ರೆಡ್ ಟ್ರೇಗರ್ ಕಾಲಿನಿಂದ ತುಳಿದು ನಡೆಸುವ ರೇಡಿಯೋವನ್ನು ರೂಪಿಸುವವರೆಗೆ ಒಳನಾಡಿನ ಎಷ್ಟೋ ಒಂಟಿ ಮನೆಗಳಿಗೆ ಹೊರಗಿನೊಡನೆ ಮಾತನಾಡುವ ಸಾಧನವೇ ಇರಲಿಲ್ಲ. ಟಾಮ್ ಕ್ರೂಸ್ ಎಂಬ ಅಂಚೆಯವನು 1936ರಿಂದ ಎರಡು ದಶಕ ಕಾಲ ಮ್ಯಾರಿ ಮತ್ತು ಬರ್ಡ್ಸ್‌ವಿಲ್ ನಡುವಿನ ಸುಮಾರು 500 ಕಿಲೋಮೀಟರು ಮರಳುದಾರಿಯಲ್ಲಿ ಲಾರಿ ಓಡಿಸಿ ಕಾಗದವನ್ನೂ ಸಾಮಾನನ್ನೂ ಮುಟ್ಟಿಸಿದ. ನಡುದಾರಿಯಲ್ಲಿ ಲಾರಿ ಕೆಟ್ಟರೆ ಕೈಗೆ ಸಿಕ್ಕಿದ್ದರಲ್ಲಿ ತಾನೇ ರಿಪೇರಿ ಮಾಡಿಕೊಳ್ಳುವುದರಲ್ಲಿ ಆತ ಹೆಸರಾಗಿದ್ದ. 1954ರಲ್ಲಿ ಆತನ ಪ್ರಯಾಣವನ್ನು ಕುರಿತ ಸಾಕ್ಷ್ಯಚಿತ್ರವೂ ಬಂತು.

ಇಂದಿನ ರೈತನೂ ಅದೇ ಹಾದಿಯವನು. ಪ್ರತಿ ಹೊಲಮನೆಯಲ್ಲಿ ವೆಲ್ಡಿಂಗ್ ಯಂತ್ರ, ಗ್ರೈಂಡರು, ಹೈಡ್ರಾಲಿಕ್ ಪ್ರೆಸ್ ಇರುವ ಕೆಲಸದ ಕೊಟ್ಟಿಗೆ ಇರುತ್ತದೆ. ಹಳೆಯ ಯಂತ್ರವನ್ನು ಮಾರದೆ ಭಾಗಗಳಿಗಾಗಿ ಇಟ್ಟುಕೊಳ್ಳುತ್ತಾರೆ. ಹಳೆಯ ಯಂತ್ರಗಳನ್ನು ಬಿಚ್ಚಿ ಮಾರುವ ಗುಜರಿ ವ್ಯಾಪಾರವೇ ಒಂದು ದೊಡ್ಡ ಕಸುಬಾಗಿದೆ. ನೆರೆಹೊರೆಯವರು ಒಂದೇ ಮಾದರಿಯ ಯಂತ್ರ ಕೊಂಡು ಭಾಗಗಳನ್ನು ಹಂಚಿಕೊಳ್ಳುವುದೂ ಉಂಟು.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಾಲೋಚನೆ. ಕೊಯ್ಲಿಗೆ ಎರಡು ಮೂರು ತಿಂಗಳ ಮೊದಲೇ ಯಂತ್ರವನ್ನು ಪರೀಕ್ಷಿಸಿ, ಸವೆದದ್ದನ್ನು ಬದಲಾಯಿಸಿ, ಬಿಡಿಭಾಗಗಳನ್ನು ಮೂರು ಗುಂಪು ಮಾಡುತ್ತಾರೆ.

1. ಬೇಗ ಸವೆಯುವ, ಕಡಿಮೆ ಬೆಲೆಯ ಭಾಗಗಳು: ಕೊಯ್ಯುವ ಅಲಗುಗಳು, ರಿವೆಟ್ಟು, ಷೇರ್ ಬೋಲ್ಟು, ಫಿಲ್ಟರು, ಚೈನಿನ ಕೊಂಡಿ, ಒ–ರಿಂಗು. ಇವು ಕೈಯಳತೆಯಲ್ಲಿಯೇ ಇರಬೇಕು.

2. ಅಪರೂಪಕ್ಕೆ ಕೆಡುವ, ಆದರೆ ಕೆಟ್ಟರೆ ಯಂತ್ರವನ್ನೇ ನಿಲ್ಲಿಸುವ ಸಾಧಾರಣ ಬೆಲೆಯ ಭಾಗಗಳು: ಮುಖ್ಯ ಬೆಲ್ಟುಗಳು, ಮುಖ್ಯ ಷಾಫ್ಟುಗಳ ಬೇರಿಂಗು, ಹೈಡ್ರಾಲಿಕ್ ಹೋಸು, ಸೆನ್ಸಾರು. ಇವುಗಳಲ್ಲಿ ಒಂದೊಂದನ್ನು ಇಟ್ಟುಕೊಳ್ಳುವುದು ಲಾಭದಾಯಕ.

3. ಅಪರೂಪಕ್ಕೆ ಕೆಡುವ, ಹೆಚ್ಚು ಬೆಲೆಯ ಭಾಗಗಳು: ಗೇರ್ ಪೆಟ್ಟಿಗೆ, ಹೈಡ್ರಾಲಿಕ್ ಪಂಪು ಮುಂತಾದವು. ಇವನ್ನು ಇಟ್ಟುಕೊಳ್ಳುವುದಕ್ಕಿಂತ ಎಲ್ಲಿ ಸಿಗುತ್ತದೆ ಎಂಬುದನ್ನು ತಿಳಿದಿಟ್ಟುಕೊಳ್ಳುವುದು ಮೇಲು.

ಎರಡನೆಯ ಗುಂಪನ್ನೇ ಹೆಚ್ಚಿನವರು ಮರೆಯುತ್ತಾರೆ. ಕಳೆದ ವರ್ಷ ಕೆಡದ ಭಾಗಕ್ಕೆ ಈ ವರ್ಷ ಹಣ ಏಕೆ ಎನಿಸುತ್ತದೆ. ಆದರೆ ಹೋಲಿಸಬೇಕಾದದ್ದು ಭಾಗದ ಬೆಲೆಯನ್ನು ಅದು ಇಲ್ಲದ ದಿನಗಳ ನಷ್ಟದೊಡನೆ.

ಕಾನೂನಿನ ಮಾತು

ಈಚಿನ ಯಂತ್ರಗಳಲ್ಲಿ ಇನ್ನೊಂದು ತೊಡಕು ಸೇರಿದೆ. ಭಾಗ ಕೈಸೇರಿದರೂ ಕಂಪ್ಯೂಟರ್ ಕಾರ್ಯಕ್ರಮದಿಂದ ಅದನ್ನು ಯಂತ್ರಕ್ಕೆ ಪರಿಚಯಿಸದೆ ಯಂತ್ರ ಓಡುವುದಿಲ್ಲ. ಆ ಕಾರ್ಯಕ್ರಮ ಕಂಪನಿಯ ತಂತ್ರಜ್ಞನ ಬಳಿ ಮಾತ್ರ ಇರುತ್ತದೆ. ಆತ ಇನ್ನೂರು ಕಿಲೋಮೀಟರು ದೂರದಿಂದ ಬರಬೇಕು. ಹೀಗೆ ಬಿಡಿಭಾಗದ ಕಾಯುವಿಕೆಗೆ ಮನುಷ್ಯನ ಕಾಯುವಿಕೆಯೂ ಸೇರಿತು.

ಆಸ್ಟ್ರೇಲಿಯದ ಸ್ಪರ್ಧೆ ಮತ್ತು ಬಳಕೆದಾರರ ಆಯೋಗ 2021ರ ಮೇ ತಿಂಗಳಲ್ಲಿ ಕೃಷಿ ಯಂತ್ರಗಳ ಮಾರಾಟಾನಂತರದ ಸೇವೆಯನ್ನು ಕುರಿತು ವರದಿ ನೀಡಿತು. ಅದೇ ವರ್ಷ ಉತ್ಪಾದಕತಾ ಆಯೋಗವೂ ‘ದುರಸ್ತಿಯ ಹಕ್ಕು’ ಕುರಿತ ವಿಚಾರಣೆ ನಡೆಸಿ, ಕೃಷಿ ಯಂತ್ರಗಳ ತಯಾರಕರು ದುರಸ್ತಿಗೆ ಬೇಕಾದ ಭಾಗ, ಉಪಕರಣ, ಮಾಹಿತಿಗಳನ್ನು ಹೊರಗಿನ ಮೆಕ್ಯಾನಿಕರಿಗೂ ಒದಗಿಸುವ ಹೊಣೆ ಹೊರಬೇಕೆಂದು ಶಿಫಾರಸು ಮಾಡಿತು. 2022ರ ಜುಲೈ 1ರಿಂದ ಜಾರಿಗೆ ಬಂದ ವಾಹನ ದುರಸ್ತಿ ಮಾಹಿತಿಯ ಕಾನೂನು ಕಾರುಗಳಿಗೆ ಅನ್ವಯಿಸಿತೇ ಹೊರತು ಕೃಷಿ ಯಂತ್ರಗಳನ್ನು ಒಳಗೊಳ್ಳಲಿಲ್ಲ. ಅಮೆರಿಕದ ಕೊಲರಾಡೋ ರಾಜ್ಯ 2023ರಲ್ಲಿ ರೈತರಿಗೆ ಈ ಹಕ್ಕನ್ನು ನೀಡುವ ಕಾಯ್ದೆ ಮಾಡಿತು; ಅದು 2024ರ ಜನವರಿ 1ರಿಂದ ಜಾರಿಗೆ ಬಂತು.

ನಮ್ಮ ರೈತರು ಗಮನಿಸಬೇಕಾದದ್ದು

ಜನ ಒತ್ತಾಗಿರುವ ನಮ್ಮ ನಾಡಿನಲ್ಲಿ ಟ್ರಾಕ್ಟರಿನ ಭಾಗಗಳು ತಾಲ್ಲೂಕು ಕೇಂದ್ರದಲ್ಲಿಯೇ ದೊರೆಯುತ್ತವೆ. ಇದು ದೊಡ್ಡ ಅನುಕೂಲ. ಆದರೆ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಭಾಗಗಳಲ್ಲಿ ಭತ್ತ ಕೊಯ್ಯುವ ಕಂಬೈನ್‌ಗಳ ಮಾತು ಬೇರೆ. ಇಂಥ ಯಂತ್ರಗಳು ಹೆಚ್ಚಾಗಿ ತಯಾರಾಗುವ ಊರುಗಳಲ್ಲಿ ಒಂದಾದ ಪಂಜಾಬಿನ ನಾಭಾ ರಾಯಚೂರಿಗೆ ಸುಮಾರು ಎರಡು ಸಾವಿರ ಕಿಲೋಮೀಟರು ದೂರ. ಬಲಿತ ಭತ್ತದ ಮೇಲೆ ಮಳೆ ಬಿದ್ದು ಪೈರು ಮಲಗಿದರೆ ಆಗುವ ನಷ್ಟ ಇಲ್ಲಿಯೂ ಕಡಿಮೆಯಲ್ಲ. ಸ್ವಂತ ಯಂತ್ರ ಇರುವವರು, ಬಾಡಿಗೆ ಯಂತ್ರ ನಡೆಸುವವರು, ಯಂತ್ರಧಾರೆ ಕೇಂದ್ರಗಳ ಸಿಬ್ಬಂದಿ ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಒಳ್ಳೆಯದು.

• ಯಂತ್ರ ಕೊಳ್ಳುವ ಮೊದಲು ಬೆಲೆಯೊಂದನ್ನೇ ನೋಡದೆ, ಬಿಡಿಭಾಗ ಎಷ್ಟು ದೂರದಲ್ಲಿ ದೊರೆಯುತ್ತದೆ, ಸುತ್ತಮುತ್ತ ಅದೇ ಮಾದರಿಯ ಎಷ್ಟು ಯಂತ್ರಗಳಿವೆ ಎಂದು ವಿಚಾರಿಸಬೇಕು.

• ಮಾದರಿ, ಯಂತ್ರದ ಕ್ರಮಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಬಿಡಿಭಾಗಗಳ ಸಂಖ್ಯಾಪಟ್ಟಿಯನ್ನು ಯಂತ್ರದ ಜೊತೆಯಲ್ಲಿಯೇ ಕೇಳಿ ಪಡೆಯಬೇಕು.

• ಎಡ–ಬಲ ಹೇಳುವಾಗ ಚಾಲಕನ ಆಸನದಲ್ಲಿ ಮುಂದಕ್ಕೆ ಮುಖ ಮಾಡಿ ಕುಳಿತಾಗ ಯಾವುದು ಎಡ, ಯಾವುದು ಬಲ ಎಂಬುದನ್ನೇ ಹೇಳಬೇಕು. ಯಂತ್ರದ ಎದುರು ನಿಂತು ಹೇಳಿದರೆ ತಪ್ಪು ಭಾಗ ಬರುತ್ತದೆ.

• ಬೇರಿಂಗಿನ ಮೇಲಿನ ಸಂಖ್ಯೆಯನ್ನು ಓದಲು ಕಲಿಯಬೇಕು. 6205 ಎಂಬಲ್ಲಿ ಕೊನೆಯ ಎರಡು ಅಂಕಿ 05. ಅದನ್ನು 5ರಿಂದ ಗುಣಿಸಿದರೆ ಒಳರಂಧ್ರ 25 ಮಿಲಿಮೀಟರು. ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿರುವ ಸಾಮಾನ್ಯ ಬೇರಿಂಗುಗಳಿಗೆ ಈ ಲೆಕ್ಕ ಹೊಂದುತ್ತದೆ. ಇಂಥ ಸಾಮಾನ್ಯ ಅಳತೆಯ ಬೇರಿಂಗು ಯಾವುದೇ ಬೇರಿಂಗ್ ಅಂಗಡಿಯಲ್ಲಿ ದೊರೆಯುತ್ತದೆ. ಯಂತ್ರದ ಕಂಪನಿಗಾಗಿ ಕಾಯಬೇಕಾಗಿಲ್ಲ.

• ಸಾಮಾನ್ಯ ವಿ–ಬೆಲ್ಟಿನ ಮೇಲೆ ಬಿ 68 ಎಂದಿದ್ದರೆ ಬಿ ಎಂಬುದು ಅಗಲ–ದಪ್ಪದ ವರ್ಗ, 68 ಎಂಬುದು ಒಳಸುತ್ತಳತೆ ಇಂಚುಗಳಲ್ಲಿ. ಕಂಬೈನ್‌ನ ಕೆಲವು ಬೆಲ್ಟುಗಳು ವಿಶೇಷ ಅಳತೆಯವು. ಅವನ್ನು ಮಾತ್ರ ಕಂಪನಿಯಿಂದ ಮೊದಲೇ ತರಿಸಿಡಬೇಕು.

• ಬೆಲ್ಟುಗಳನ್ನು ಬಿಸಿಲು, ಎಣ್ಣೆ, ಇಲಿಗಳಿಂದ ದೂರ, ಮಡಚದೆ ಇಡಬೇಕು. ಬೇರಿಂಗನ್ನು ಜೋಡಿಸುವವರೆಗೆ ಕಾಗದ ಬಿಚ್ಚಬಾರದು.

• ದಿನವೂ ಕೆಲಸ ಮುಗಿದ ಮೇಲೆ ಹೊಟ್ಟು–ಧೂಳು ತೆಗೆದು ಬೇರಿಂಗುಗಳು ಹೆಚ್ಚು ಬಿಸಿಯಾಗಿವೆಯೇ ಎಂದು ನೋಡಬೇಕು. ಕೆಡುವ ಬೇರಿಂಗು ಮೊದಲು ಬಿಸಿಯಾಗುತ್ತದೆ, ಸದ್ದು ಮಾಡುತ್ತದೆ. ಒಣ ಹೊಟ್ಟಿನ ನಡುವೆ ಅದು ಬೆಂಕಿಗೂ ಕಾರಣವಾಗಬಹುದು.

• ಒಂದೇ ಮಾದರಿಯ ಯಂತ್ರ ಇರುವ ನಾಲ್ಕಾರು ಮಂದಿ ಸೇರಿ, ಅಥವಾ ಸಹಕಾರ ಸಂಘದ ಮೂಲಕ, ಎರಡನೆಯ ಗುಂಪಿನ ಭಾಗಗಳನ್ನು ಒಂದೊಂದು ಕೊಂಡು ಒಂದು ಕಡೆ ಇಡಬಹುದು. ಒಬ್ಬನಿಗೆ ಹೊರೆಯಾಗುವ ವೆಚ್ಚ ನಾಲ್ವರಿಗೆ ಹಗುರ. ಯಾರು ತೆಗೆದುಕೊಂಡರೋ ಅವರು ವಾರದೊಳಗೆ ಹೊಸದನ್ನು ತಂದಿಡುವ ಕರಾರು ಇರಬೇಕು.

ಪೈರು ಮಾಗುವ ಕಾಲವನ್ನು ರೈತ ಬಲ್ಲ; ಯಂತ್ರದಲ್ಲಿ ಯಾವ ಭಾಗ ಮೊದಲು ಸವೆಯುತ್ತದೆ ಎಂಬುದನ್ನೂ ಒಂದೆರಡು ವರ್ಷದ ಅನುಭವದಿಂದ ಬಲ್ಲ. ಕೊಯ್ಲಿಗೆ ಎರಡು ತಿಂಗಳು ಮುಂಚೆ ಒಂದು ದಿನ ಕುಳಿತು ಪಟ್ಟಿ ಮಾಡಿ ಭಾಗಗಳನ್ನು ತರಿಸಿಟ್ಟುಕೊಂಡರೆ, ದೂರದ ಉಗ್ರಾಣದ ಬಾಗಿಲು ಹಾಕಿದ್ದರೂ ಹೊಲದಲ್ಲಿ ಕೆಲಸ ನಿಲ್ಲುವುದಿಲ್ಲ.